ಈರಮ್ಮನ ಹೆಬ್ಬೆರಳಿನ ಉಗುರು

ಆ ಸಂಜೆ ಈರಮ್ಮ ಉಗುರು ಒತ್ತಿದಾಗ ಮೆಕ್ಕೆಜೋಳದ ಕಾಳಿನಿಂದ ಬಂದದ್ದು ನೀರೋ ಹಾಲೋ, ನನಗೆ ಖಚಿತವಿಲ್ಲ. ನೀರೆಂದೇ ನೆನಪು. ಆದರೆ ಆ ನೆನಪು ನನಗೆ ಅನುಕೂಲವಾಗಿದೆ; ಅದಕ್ಕೇ ಅನುಮಾನ.

ರಾಯಚೂರಿನಲ್ಲಿ ನಮ್ಮ ಪಕ್ಕದ ಮನೆ ಆಕೆಯದು. ಊರು ಅರಕೇರಾ. ಮಾನ್ವಿಯ ಹಾಸ್ಟೆಲ್ ಒಂದರಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದವಳು. ಬಲ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಕತ್ತರಿಸುತ್ತಿರಲಿಲ್ಲ. ಬೆಂಡೆ, ಸೋರೆ, ತೆನೆ, ಎಲ್ಲದರ ಎಳೆತನವನ್ನೂ ಅದರಿಂದಲೇ ಅಳೆಯುತ್ತಿದ್ದಳು. ಆಕೆಯನ್ನು ಕಂಡರೆ ಸಂತೆಯಲ್ಲಿ ಸೋರೆಕಾಯಿಯವರು ಬುಟ್ಟಿ ಮುಚ್ಚುತ್ತಿದ್ದರಂತೆ. ಹೇಳಿದ್ದು ಆಕೆಯೇ.

ಹಿತ್ತಲಲ್ಲಿ ನಾನು ಎರಡು ಸಾಲು ಸ್ವೀಟ್ ಕಾರ್ನ್ ಹಾಕಿದ್ದೆ. ತೆನೆಯ ಜುಟ್ಟು ಒಣಗುವ ಮೊದಲೇ ಸಿಪ್ಪೆ ಬಿಡಿಸಿ ಬಿಡಿಸಿ ನೋಡಿದೆ. ಇರುವೆ ಹೊಕ್ಕವು.

“ಲೇ ತಮ್ಮಾ, ಮಲಗಿದ ಕೂಸಿನ ಕೌದಿ ತೆಗೆದು ಹಸಿವಾಗ್ಯಾದೇನಂತ ಕೇಳ್ತಾರೇನು?”

ಆಮೇಲೆ ಈರಮ್ಮನೇ ತೋರಿಸಿಕೊಟ್ಟಳು. ಜುಟ್ಟು ಕಂದಾಗಿ ಒಣಗಬೇಕು, ಸಿಪ್ಪೆ ಹಸಿರಾಗೇ ಇರಬೇಕು. ತುದಿ ಹಿಡಿದರೆ ಮೊಂಡಾಗಿ ತುಂಬಿರಬೇಕು. ಆಗ ಒಂದೇ ಒಂದು ತೆನೆಯ ತುದಿ ಸರಿಸಿ, ಕಾಳಿಗೆ ಉಗುರು. ನೀರು ಬಂದರೆ ಎಳಸು. ಹಾಲು ಬಂದರೆ ಅವತ್ತೇ. ಹಿಟ್ಟಾದರೆ ಹೋಯಿತು. ಒಲೆಯ ಮೇಲೆ ನೀರಿಟ್ಟೇ ತೆನೆ ಮುರಿಯಬೇಕೆಂಬುದು ಆಕೆಯ ಕಟ್ಟಳೆ.

ಆ ಸಂಜೆಯೂ ನೀರಿಟ್ಟೇ ಬಂದಿದ್ದಳು. ಮರುದಿನ ಹೊಟ್ಟೆಯ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು.

ಒಂದು ತೆನೆಗೆ ಉಗುರಿಟ್ಟು, “ಇವತ್ತ ಮುರಿ. ನಾಳಿಂದ ನನಗ ಬರೇ ಗಂಜಿ,” ಅಂದಳು.

“ಇನ್ನೆರಡು ದಿನ ಬೇಕಬೇ ಯವ್ವಾ. ಬೀಜದ ಪ್ಯಾಕೆಟ್ ಮ್ಯಾಲ ಬರದಾರ.”

“ಬರದೋರು ನಿನ್ನ ಹಿತ್ತಲ ನೋಡ್ಯಾರೇನು?”

ನಾನು ಮುರಿಯಲಿಲ್ಲ. ಕೃಷಿ ಓದಿದ ಗೆಳೆಯನನ್ನು ಕೇಳೋಣವೆಂದು, ಆಕೆಯ ಉಗುರು ಕಾಳಿನಲ್ಲಿದ್ದಂತೆಯೇ ಫೋಟೋ ತೆಗೆದೆ. ಕಳಿಸಲು ಮರೆತೆ.

“ಆತು ಬಿಡು. ನಿನ್ನ ಪ್ಯಾಕೆಟ್ ಹೂಂ ಅಂದ ಮ್ಯಾಲ ತಿಂತೀನಿ,” ಎಂದು ನಗುತ್ತ ಹೋಗಿ ಒಲೆ ಆರಿಸಿದಳು.

ಆಸ್ಪತ್ರೆಯಿಂದ ಆಕೆ ಮರಳಲಿಲ್ಲ. ಅರಕೇರಾದಲ್ಲಿ ಮಣ್ಣು ಮಾಡಿದರು. ಹೋಗಿ ಬಂದು ಕೈಕಾಲು ತೊಳೆದೆ, ಊಟ ಮಾಡಿದೆ. ಅಳು ಬರಲಿಲ್ಲ. ತೆನೆಗಳು ಗಿಡದಲ್ಲೇ ಒಣಗಿದವು; ನೋಡುತ್ತಿದ್ದೆ, ಅಷ್ಟೆ.

ಇಷ್ಟು ಬರೆದ ಮೇಲೆ ಫೋನಿನಲ್ಲಿ ಆ ಫೋಟೋ ಹುಡುಕಿ ದೊಡ್ಡದು ಮಾಡಿ ನೋಡಿದೆ. ಕಾಳು ಒಡೆದಿದೆ. ಈರಮ್ಮನ ಉಗುರಿನ ಅಂಚಿನಲ್ಲಿ ನಿಂತಿರುವುದು ಹಾಲು. ಬೆಳ್ಳಗಿದೆ.