ಕುರಿಗಳ ದೇಶಕ್ಕೆ ಕಂಬಳಿ

ಮಗಳು ಮಳೆಕಾಡು ಓದಲು ಹೋದದ್ದಕ್ಕೆ ನನಗೆ ತಗುಲಿದ ಖರ್ಚು ಸೊಲ್ಲಾಪುರದ ಒಂದು ಪ್ಲಾಟು ಮತ್ತು ಒಂದು ಹಳೆಯ ಕಂಬಳಿ. ಪ್ಲಾಟು ಮಾರಿದ್ದು ಫೀಸಿಗೆ; ಆ ದುಃಖವನ್ನು ಸಂಜೆಯೊಳಗೆ ಮರೆತೆ. ಕಂಬಳಿ ಹೋದದ್ದು ನನ್ನ ಜಾಣತನಕ್ಕೆ. ಅದನ್ನು ಮರೆಯಲು ಮನೆಯವರು ಬಿಡುವುದಿಲ್ಲ.

ಅಕ್ಕಲಕೋಟದಲ್ಲಿ ಯಾತ್ರಿಕರ ಹಿಂದೆ ಹೆಗಲ ಮೇಲೆ ಚಾದರ ಹೊತ್ತು ತಿರುಗಿ, ಆಮೇಲೆ ಅಂಗಡಿ ಹಾಕಿದವನು ನಾನು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಗಿರಾಕಿಯನ್ನೂ ಕೆಳಗಿಳಿಸಿ ಎರಡು ಚಾದರ ಕಟ್ಟಿಕೊಟ್ಟಿದ್ದೇನೆ. ಹೀಗಾಗಿ ನನಗೆ ತಿಳಿಯದ ವ್ಯವಹಾರವೇ ಇಲ್ಲವೆಂದು ಬಹಳ ದಿನ ನಂಬಿದ್ದೆ. ಬಿ.ಎಸ್ಸಿ. ಓದುವ ಮಗಳು ಸುಜಾತಾ, ಆಸ್ಟ್ರೇಲಿಯಾದ ಮಳೆಕಾಡಿನಲ್ಲಿ ಆರು ತಿಂಗಳಿದ್ದು ಗಿಡ, ಕಪ್ಪೆ, ಮಣ್ಣು ಒಂದನ್ನೊಂದು ಹೇಗೆ ಸಾಕುತ್ತವೆ, ಅವನ್ನು ಹೇಗೆ ಉಳಿಸಬೇಕು ಎಂದು ಕಲಿಯುತ್ತೇನೆ ಅಂದಾಗ ನನ್ನ ಕಿವಿಗೆ ಬಿದ್ದದ್ದು ಮಳೆ ಒಂದೇ. ಮಳೆಗೆ ಕಂಬಳಿಗಿಂತ ಗಟ್ಟಿ ಮಾಲು ಯಾವುದಿದೆ? ಮಡಚಿ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡರೆ ಹನಿ ಒಳಗಿಳಿಯುವುದಿಲ್ಲ.

ಬೋರಾಮಣಿಯಲ್ಲಿ ಕುರಿ ಸಾಕುವ ನಮ್ಮಣ್ಣನ ಹತ್ತಿರ ಹೋದೆ. ಅವನ ಕಂಬಳಿ ನಮ್ಮ ಅವ್ವ ನೂತ ಉಣ್ಣೆಯದು. ಹೊದ್ದು ಹೊದ್ದು ಮೆತ್ತಗಾಗಿತ್ತು. ಬದಲಿಗೆ ಎರಡು ಹೊಸ ಚಾದರ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ಕೂಸಿಗೆ ಅಂದ್ರ ಒಯ್ಯಪಾ. ಆದ್ರ ತಿರುಗಿ ತರಬೇಕ್ ನೋಡು, ಅದರಾಗ ಅವ್ವನ ಕೈ ಐತಿ."

"ನಾ ಅದೀನಲ್ಲ!" ಎಂದು ಗ್ಯಾರಂಟಿ ಕೊಟ್ಟು ಬಂದೆ.

ಹೊರಡುವಾಗ ಮಗಳಿಗೆ ಇನ್ನೊಂದು ಉಪದೇಶ ಮಾಡಿದೆ: "ಅಲ್ಲಿ ವಿಮಾನ ಇಳಿಯೂ ಮುಂದ ಕೊಡೂ ಫಾರ್ಮಿನಾಗ ಕಂಬಳಿ ಅಂತ ಬರೀಬ್ಯಾಡ. ಸುಂಕ ಹಾಕ್ತಾರ."

ಅಲ್ಲಿ ಇಳಿದ ಕೂಡಲೇ ಅವಳ ಫೋನು. "ಅಪ್ಪಾ, ನಿನ್ನ ಮಾತು ಕೇಳಲಿಲ್ಲ, ಬರದ್ನಿ. ಮುಚ್ಚಿಟ್ಟಿದ್ರ ವೀಸಾನೇ ಹೋಗ್ತಿತ್ತಂತ. ಕಂಬಳಿ ತುಂಬ ನಮ್ಮ ಹುಲ್ಲಿನ ಬೀಜ ಸಿಕ್ಕೊಂಡಾವ. ಇಲ್ಲಿ ತಪಾಸಣಿ ಸಾಹೇಬರು ಅದನ್ನ ಸುಡ್ತಾರಂತ."

ನನ್ನೊಳಗಿನ ವ್ಯಾಪಾರಿ ಎದ್ದು ಕೂತ. "ಸಾಹೇಬರಿಗೆ ಫೋನ್ ಕೊಡು. ಡಬಲ್ ಚಾದರ ಕಳಸ್ತೀನಿ, ಮ್ಯಾಲ ಟಾವೆಲ್ ಫುಕಟ್!"

"ಅಪ್ಪಾ! ಇಲ್ಲಿ ನಿನ್ನ ಚೌಕಾಸಿ, ಘಾಸಾಘೀಸ್ ನಡಿಯಂಗಿಲ್ಲ. ಇನ್ನೊಂದ್ ಮಾತಾಡಿದಿ ಅಂದ್ರ ಕಂಬಳಿ ಸಂಗಟ ನನ್ನೂ ಇಟ್ಕೋತಾರ."

ಆಮೇಲೆ ಅವಳೇ ತಿಳಿಸಿ ಹೇಳಿದಳು. ಉಣ್ಣೆಗೆ ಅಂಟಿಕೊಂಡು ಹೋದ ಬೀಜಕ್ಕೆ ಹೊಸ ನೆಲದಲ್ಲಿ ಮೇಯುವವರಿಲ್ಲ, ಕೇಳುವವರಿಲ್ಲ. ತೇವದ ಕಾಡಿನ ಅಂಚಿಗೆ ಹೊರಗಿನ ಹುಲ್ಲು ಹಬ್ಬಿದರೆ, ಮಳೆಯಿಲ್ಲದ ತಿಂಗಳಲ್ಲಿ ಅದು ಒಣಗಿ, ಅದರ ಬೆನ್ನಿಗೇ ಬೆಂಕಿಯೂ ಒಳಗೆ ಬರುತ್ತದೆ. ಕುರಿಗಳ ದೇಶಕ್ಕೇ ಕಂಬಳಿ ಕಳಿಸಿದ ಜಾಣ ನಾನು, ಜೊತೆಗೆ ಬೆಂಕಿಯನ್ನೂ ಕಟ್ಟಿ ಕಳಿಸಿದ್ದೆ.

ಅಣ್ಣನಿಗೆ ಯಾರು ಹೇಳಬೇಕು? ಗ್ಯಾರಂಟಿ ಕೊಟ್ಟವನೇ ಹೋದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಅವನ ಅಂಗಳದಲ್ಲಿ ಉದುರಿಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಣ್ಣ ಕುರಿ ಮೇಯುವ ಮಾಳದ ಕಡೆ ಕೈ ತೋರಿಸಿದ. ನಾವು ಸಣ್ಣವರಿದ್ದಾಗ ಹುಲ್ಲಿದ್ದ ಜಾಗದಲ್ಲಿ ಈಗ ಬಳ್ಳಾರಿ ಜಾಲಿ ನಿಂತಿದೆ. ಹೆಸರು ಬಳ್ಳಾರಿಯದಾದರೂ ಅದೂ ಹೊರದೇಶದಿಂದ ಬಂದದ್ದೇ.

"ಈ ಜಾಲಿ ಬರೂವಾಗ ಬಾಗಿಲದಾಗ ಹಂಥಾ ಸಾಹೇಬ ಒಬ್ಬ ನಿಂತಿದ್ರ, ನನ್ನ ಕುರಿ ಹುಲ್ಲಿಗೆ ಇಷ್ಟು ದೂರ ನಡೀತಿದ್ದಿಲ್ಲ," ಎಂದ. "ಸುಟ್ಟದ್ದು ಬರೋಬ್ಬರಿ ಐತಿ." ಆಮೇಲೆ, "ಅವತ್ತಿನ ಎರಡು ಚಾದರ ಎಲ್ಲಿ ಅದಾವ?"

ನಾಲ್ಕು ಕೊಟ್ಟೆ. ಜೀವನದಲ್ಲಿ ಗಿರಾಕಿ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟದ್ದು ಅದೊಂದೇ ಸಲ.

ಈಗ ಮಗಳು ರವಿವಾರಕ್ಕೊಮ್ಮೆ ಫೋನು ಮಾಡುವುದು ದೊಡ್ಡಪ್ಪನಿಗೆ. ಅಲ್ಲಿಯ ಮೇಷ್ಟ್ರು ಮೊದಲ ದಿನವೇ "ನಿಮ್ಮ ಕಡೆ ಯಾವ ಯಾವ ಹುಲ್ಲು?" ಎಂದು ಕೇಳಿದರಂತೆ; ಇವಳಿಗೆ ಒಂದೂ ಗೊತ್ತಿರಲಿಲ್ಲ. ಅಣ್ಣ ಒಂದೊಂದಾಗಿ ಹೇಳುತ್ತಾನೆ, ಇವಳು ಬರೆದುಕೊಳ್ಳುತ್ತಾಳೆ.

ಮಕ್ಕಳನ್ನು ಹೊರದೇಶದ ಕಾಡಿಗೆ ಕಳಿಸುವವರಿದ್ದರೆ ಕೇಳಿ, ಈ ಸಲಹೆ ಫುಕಟ್. ಬೂಟಿನ ಅಡಿ ತೊಳೆಯಿರಿ, ಚೀಲದ ಹೊಲಿಗೆ ಝಾಡಿಸಿ ಬೀಜ ಉದುರಿಸಿ, ಫಾರ್ಮಿನಲ್ಲಿ ಇದ್ದದ್ದೆಲ್ಲ ಬರೆಯಲು ಹೇಳಿ. ನಿಮ್ಮೂರಿನ ಹುಲ್ಲನ್ನು ಕಳಿಸಲೇಬೇಕೆಂದಿದ್ದರೆ ಅದರ ಹೆಸರನ್ನು ಕಲಿಸಿ ಕಳಿಸಿ. ಅದನ್ನು ಯಾರೂ ತಡೆಯುವುದಿಲ್ಲ. ಕಂಬಳಿಯನ್ನು ಮಾತ್ರ ಮನೆಯಲ್ಲೇ ಇಡಿ. ಮಕ್ಕಳು ತಿರುಗಿ ಬಂದಾಗ ಹೊದೆಯಲು ಬೇಕಾಗುತ್ತದೆ.