ರೇಡಿಯೋ ತಂದ ಮ್ಯಾಲೇ ಬರ್ತೀನಂದಿದ್ದೆ

ಪಂಚಮಿಗಿ ತವರಿಗಿ ಹೋದ ನನ್ನ ಹೆಂಡ್ತಿ ದೀಪಾವಳಿ ಮುಗದ್ರೂ ಬಂದಿರಲಿಲ್ಲ. ಆಕಿ ತಪ್ಪಲ್ಲ. ಹೋಗಿ ಕರಕೊಂಡ ಬರಬೇಕಾದಾಂವ ನಾನು. ಹೋಗಾಕ ನನಗ ಮಾರಿ ಇರಲಿಲ್ಲ. ಯಾಕಂದ್ರ ರೇಡಿಯೋ.

ನಮ್ಮೂರು ಸುರಪುರದ ಕಡಿ. ಆಕಿ ತವರು ತಾಳಿಕೋಟಿ ಕಡಿ. ಮುಂಜಾನೆ ಹೊಂಟ್ರ ಮಧ್ಯಾಹ್ನಕ್ಕ ಮುಟ್ಟೂ ಹಾದಿ. ಆದ್ರ ಅವರು ಬೊಂಬಾಯಿ ಸರಕಾರದಾಗ ಇದ್ದವರು, ನಾವು ನಿಜಾಮನ ಕೈಯಾಗ ಇದ್ದವರು. ನಿಜಾಮಂದು ಮುಗದು ಮೂರ್ನಾಕು ವರ್ಷ ಆಗಿತ್ತು. ಅವರ ಬಾಯಾಗ ಮಾತ್ರ ನಾವು ಇನ್ನಾ ಮೊಗಲಾಯಿ ಮಂದಿ.

ಪಂಚಮಿಗಿ ತಂಗೀನ ಕರಿಯಾಕ ಬಂದ ಆಕಿ ಅಣ್ಣ ನಮ್ಮ ಪಡಸಾಲ್ಯಾಗ ಕುಂತು ಉಂಡಿ ತಿನಕೋತ ಅಂದ: “ಅಳಿಯಾರ, ನಮ್ಮೂರ ಗೌಡರ ಮನ್ಯಾಗ ರೇಡಿಯೋ ಐತಿ. ಧಾರವಾಡದಾಗ ಹಾಡಿದ್ದು ನಮ್ಮ ಕಟ್ಟಿಗಿ ಕೇಳ್ತೈತಿ. ನಿಮ್ಮ ಮೊಗಲಾಯ್ಯಾಗ ರೇಡಿಯೋ ಅಂದ್ರ ತಿನ್ನೂದೋ ಹೊದಿಯೂದೋ ಅಂತ ಕೇಳ್ತಾರಂತಲ್ಲ?”

ಒಳಗ ನನ್ನ ಹೆಂಡ್ತಿ ನಕ್ಕಳು. ಅವ ಅಂದದ್ದಕ್ಕಿಂತ ಆ ನಗೀನ ನನಗ ಹತ್ತಿತು. ರೇಡಿಯೋ ತಂದ ಮ್ಯಾಲೇ ನಿಮ್ಮ ಹೊಸ್ತಲಾ ತುಳೀತೀನಿ, ಅಲ್ಲೀತನಕ ಇಕಿನ್ನ ಕರಿಯಾಕ ಬರಂಗಿಲ್ಲ ಅಂದುಬಿಟ್ಟೆ. ಅವ್ವ ಕೈ ಜಗ್ಗಿದಳು. ಆಗಲೇ ಮಾತು ಆಡಿ ಆಗಿತ್ತು.

ಯಾದಗಿರಿ ಟೇಸನ್ ಹಾದ್ಯಾಗ ಒಬ್ಬ ಸಾವುಕಾರ ಸೈಕಲ್ಲು, ಗ್ಯಾಸ್ ಬತ್ತಿ, ರೇಡಿಯೋ ಮಾರತಿದ್ದ. ಹಣಿಮ್ಯಾಲೆ ಮೂರು ಪಟ್ಟಿ ವಿಭೂತಿ, ಬಾಯಾಗ ಅರ್ಧ ಉರ್ದು. ಕುರಿ ಮಾರಿದ ರೊಕ್ಕ ಅವನ ಮುಂದ ಇಟ್ಟೆ. ಬ್ಯಾಟರಿ ಮ್ಯಾಲೆ ನಡಿಯೂ ಕಟಗಿ ಡಬ್ಬಿ ಅದು. ಹೊತಗೊಂಡು ಹೊಂಟ್ರ ಅಡ್ಡ ನಿಂತ. ಲೈಸನ್ಸ್ ಎಲ್ಲಿ ಅಂದ. ಬಂದೂಕಿಗಿ ಲೈಸನ್ಸ್ ಕೇಳಿದ್ದೆ, ಹಾಡಾ ಕೇಳಾಕೂ ಬೇಕಂತ ನನಗೇನ್ ಗೊತ್ತು? ಟಪಾಲ ಕಚೇರ್ಯಾಗ ಕೊಡ್ತಾರ, ತೋರಿಸಿ ಒಯ್ಯಿ ಅಂದ. ಡಬ್ಬಿ ಹಿಂದಿನ ನಂಬರು ಒಂದು ಚೀಟ್ಯಾಗ ಬರದು ಕೊಟ್ಟ. ಉರ್ದು ಅಂಕಿ. ಅವನ ಪೆನ್ನು ಸೋರತಿತ್ತು, ಚೀಟಿ ತುಂಬ ಮಸಿ ಹನಿ.

ನಮ್ಮ ಹಾದ್ಯಾಗಿನ ಶಹಾಪುರದ ಪೋಸ್ಟ್ ಮಾಸ್ತರ ಹೊಸದಾಗಿ ಮೈಸೂರು ಕಡಿಯಿಂದ ಬಂದಾಂವ. ಚೀಟಿ ಆ ಕಡಿ ಈ ಕಡಿ ತಿರುಗಿಸಿದ. ಓದಿ ಹೇಳು ಅಂದ. ಸಾಲ್ಯಾಗ ನಾ ಕಲ್ತದ್ದು ನಾಕನೇ ಜಮಾತು, ಅದೂ ಉರ್ದುದಾಗ. ಕನ್ನಡ ಅಕ್ಷರ ಆಮ್ಯಾಲೆ ಕಲ್ತದ್ದು. ಅಂಕಿ ಪಟಪಟ ಓದಿದೆ. ಅವ ನಡುವ ಬೆರಳಿಟ್ಟು ಕೇಳಿದ: “ಇದೇನಯ್ಯಾ ಚುಕ್ಕಿ?”

“ಏನಿಲ್ರಿ. ಮಸಿ ಬಿದ್ದದ.”

ಹೊರಗ ಬಸ್ ಹೊಂಟಿತ್ತು. ನನಗ ಅವಸರ. ಅವ ನಾ ಓದಿದಷ್ಟು ಅಂಕಿ ಬರದು, ಮೊಹರು ಹೊಡದು ಲೈಸನ್ಸ್ ಕೊಟ್ಟ.

ಯಾದಗಿರಿಗಿ ಹೋದೆ. ಸಾವುಕಾರ ಲೈಸನ್ಸ್ ಹಿಡದು ಡಬ್ಬಿ ಹಿಂದ ಬೆರಳಿಟ್ಟು ಒಂದೊಂದೇ ಅಂಕಿ ತಾಳಿ ಹಾಕಿ ನೋಡಿದ. ಡಬ್ಬಿ ಮ್ಯಾಲೆ ಐದು ಅಂಕಿ, ಲೈಸನ್ಸಿನಾಗ ನಾಕೇ. ಉರ್ದುದಾಗ ಸೊನ್ನಿ ಅಂದ್ರ ಬರೇ ಒಂದು ಚುಕ್ಕಿ. ನಾ ಮಸಿ ಅಂದದ್ದು ಸೊನ್ನಿ. ನಾಕು ಜಮಾತು ಕಲ್ತು ಸೊನ್ನಿ ಗುರ್ತ ಹಿಡೀಲಿಲ್ಲ. ಇದು ಬ್ಯಾರೆ ರೇಡಿಯೋದ ಲೈಸನ್ಸ್ ಆತು, ತನಿಖಿ ಬಂದ್ರ ನನ್ನ ಕೊಳ್ಳಿಗಿ ಬರ್ತದ ಅಂತ ಡಬ್ಬಿ ಮತ್ತ ಹಲಗಿಮ್ಯಾಲೆ ಇಟ್ಟ.

ತಿರುಗಿ ಶಹಾಪುರ. ಒಂದು ಸೊನ್ನಿ ತುರುಕ್ರಿ ಸಾಹೇಬ್ರ ಅಂದೆ. ಬರೆದು ಮೊಹರು ಹೊಡೆದದ್ದನ್ನ ತಿದ್ದಾಕ ನನಗ ಅಧಿಕಾರ ಇಲ್ಲ, ಮ್ಯಾಲಿನ ಕಚೇರಿಗಿ ಬರೀತೀನಿ, ಉತ್ತರ ಬರಲಿ ಅಂದ. ಹಂಗಾದ್ರ ಇನ್ನೊಂದು ಹೊಸಾದು ಕೊಡ್ರಿ ಅಂದೆ. ಒಬ್ಬನ ಹೆಸರಿಲೆ ಒಂದು ಇದ್ದಾಗ ಇನ್ನೊಂದು ಹ್ಯಾಂಗ ಕೊಡ್ಲಿ ಅಂದ. ಇದನ್ನ ಹರದು ಒಗೀರಿ ಅಂದೆ. ಸರಕಾರದ ಕಾಗದ ಹರದ್ರ ಜೇಲು ಅಂದ. ಏನ್ ಕೇಳಿದ್ರೂ ಉತ್ತರ ತಯಾರ್ ಇರತಿತ್ತು, ಲೈಸನ್ಸ್ ಮಾತ್ರ ಇರಲಿಲ್ಲ.

ವಾರಕ್ಕೊಮ್ಮೆ ಹೋದೆ. ಮಾಳ ಪಕ್ಷದ ಮಳಿಯಾಗ ಹೋದೆ, ದಸರಾ ಮುಂದ ಹೋದೆ. ಉತ್ತರ ಬಂದಿಲ್ಲ. ಸಾವುಕಾರನ ಕಡಿ ರೊಕ್ಕ ತಿರುಗಿ ಕೇಳಿದೆ. ಮಾರಿದ್ದು ಮಾರಿದ್ದ, ರೇಡಿಯೋ ನಿಂದ, ಎಲ್ಲಿ ಹೋಗ್ತದ ಅಂದ. ಹೋಗಿರಲಿಲ್ಲ, ಖರೇ. ಬಂದ ಗಿರಾಕಿಗಳಿಗಿ ನಮೂನಿ ತೋರಿಸಾಕ ನಂದನ್ನೇ ಹಚ್ಚತಿದ್ದ. ನಾ ಹೊರಗ ಕಂಬಕ್ಕ ಆತಗೊಂಡು ನಿಂತು ಕೇಳತಿದ್ದೆ. ನನ್ನ ರೇಡಿಯೋ ಊರ ಮಂದಿಗೆಲ್ಲ ಹಾಡಾಕತ್ತಿತ್ತು. ಕೈ ಹಚ್ಚಾಕ ಹೋದ್ರ ಸಾವುಕಾರ ಹಾಂ ಹಾಂ ಅನ್ನಾಂವ.

ಮನ್ಯಾಗ ಅವ್ವ ದಿನಾ ಅದೇ ಮಾತು. ರೊಟ್ಟಿ ಬಡಿಯೂಮುಂದ ಹಂಚಿಗಿ ಕೇಳಿಸಿದಂಗ ನನಗ ಕೇಳಿಸಾಕಿ: ಸೊಸಿ ತಂದಿದ್ದೆ, ಒಬ್ಬ ಮಗ ಅದಾನ, ಡಬ್ಬಿಗಿ ಸೊಸಿ ಒತ್ತಿ ಇಟ್ಟಾನ. ಹೋಗಬೇಕಂದ್ರ ಆಡಿದ ಮಾತು ಅಡ್ಡ. ಕುಂಡ್ರಬೇಕಂದ್ರ ಮನಿ ಕುಂಡ್ರಗೊಡಲಿಲ್ಲ.

ದೀಪಾವಳಿ ಆದ ವಾರ ಮತ್ತ ಶಹಾಪುರಕ್ಕ ಹೋದೆ. ಮಾಸ್ತರ ನನ್ನ ನೋಡತಿದ್ದಂಗ ತಲಿ ಅಲ್ಲಾಡಿಸಿದ. ನಾ ಒಳಗ ಸುದ್ದಾ ಹೋಗಲಿಲ್ಲ. ಬಸ್ ಹತ್ತಿದೆ. ಸುರಪುರ ಬಂತು. ಇಳೀಲಿಲ್ಲ. ಇಳದ್ರ ಅವ್ವನ ಮುಂದ ನಿಂದ್ರಬೇಕು. ಕಂಡಕ್ಟರ್ ಎಲ್ಲಿಗಿ ಅಂದ. ತಾಳಿಕೋಟಿ ಅಂದುಬಿಟ್ಟೆ.

ರಾತ್ರಿ ತಾಳಿಕೋಟಿ ಗುಡಿಯಾಗ ಮಲಗಿ, ಮರದಿನ ಮಧ್ಯಾಹ್ನ ಮಾವನ ಮನಿ ಮುಟ್ಟಿದೆ. ಅತ್ತಿ ಚರಗಿ ನೀರು ಕೊಟ್ಟು ಒಳಗ ಹೋದಳು. ಹೆಂಡ್ತಿ ಬಾಗಲಾಗ ನಿಂತಳು. ಸೊರಗಿದ್ದಳು. ಅಂಗಿ ಕಿಸೆಯಾಗಿಂದ ಲೈಸನ್ಸ್ ತಗದು ತೋರಿಸಿದೆ.

“ಕಾಗದ ಸಿಕ್ಕದ. ರೇಡಿಯೋ ಇನ್ನಾ ಸಿಕ್ಕಿಲ್ಲ.”

“ರೇಡಿಯೋ ನಾ ಬೇಡಿದ್ನೇನ್ರಿ?”

“ನೀ ನಕ್ಕಿದ್ದಿ.”

“ಅಣ್ಣ ಉಂಡಿ ತಿಂದ ಮೀಸಿಗಿ ಹಿಟ್ಟು ಹತ್ತಿತ್ತು, ಅದಕ್ಕ ನಕ್ಕೆ.”

ಲೈಸನ್ಸ್ ಮಡಚಿ ಕಿಸೆಯಾಗ ಇಟ್ಟೆ. ಆಕಿ ಒಳಗ ಹೋದಳು, ಗಂಟು ತಂದಳು. ಮೊದಲೇ ಕಟ್ಟಿ ಇಟ್ಟ ಗಂಟದು, ಆಗ ಕಟ್ಟಿದ್ದಲ್ಲ. ಅದರ ಮ್ಯಾಲೆ ಒಂದು ಕರಿ ಕಂಬಳಿ. ಕಂಬಳಿ ನನಗ ಹೊದಿಸಿದಳು. ಚಳಿ ಇಲ್ಲ ಅಂದೆ.

“ಇಷ್ಟು ದಿನ ಓಣ್ಯಾಗ ಎಲ್ಲಾರೂ ಕೇಳ್ತಿದ್ದರು, ಗಂಡ ಯಾಕ ಕರಿಯಾಕ ಬಂದಿಲ್ಲಂತ. ಜ್ವರ ಅಂತ ಹೇಳೀನಿ. ಬಿಟ್ಟು ಬಿಟ್ಟು ಬರ್ತಾವಂತ ಹೇಳೀನಿ. ಮೆತ್ತಗ ನಡೀರಿ.”

ಓಣಿ ಹಿಡದು ನಡದೆ, ಆಕಿ ಹೆಗಲಮ್ಯಾಲೆ ಕೈ ಇಟ್ಟು. ಟಗರಿನಂಗ ಇದ್ದಾಂವ, ಗ್ವಾಡಿ ಹಿಡದು ಒಂದೊಂದೇ ಹೆಜ್ಜಿ ಇಟ್ಟೆ. ಒಬ್ಬ ಮುದುಕಿ ಅಯ್ಯ, ಪಾಪ, ಅರ್ಧ ಆಗ್ಯಾನಲ್ಲ ಅಂದಳು. ಗೌಡರ ಕಟ್ಟಿಮ್ಯಾಲೆ ಆಕಿ ಅಣ್ಣ ಕುಂತಿದ್ದ, ಬಾಯಿ ತಗದ. ತಂಗಿ ಮಾರಿ ನೋಡಿ ಮುಚ್ಚಿಕೊಂಡ. ನಾ ಕೆಮ್ಮಿದೆ. ಜ್ವರಕ್ಕ ಕೆಮ್ಮು ಯಾಕ್ರಿ ಅಂತ ಆಕಿ ಸಣ್ಣ ದನಿಲೆ ಬೈದಳು.

ಊರ ಹೊರಗ ಮಂದಿ ಇನ್ನಾ ಇದ್ದರು. ಬಸ್ ಬರೂತನಕ ಕಂಬಳಿ ತಗೀಬ್ಯಾಡ್ರಿ ಅಂದಳು. ಬಿಸಲು ಸುಡಾಕತ್ತಿತ್ತು. ತಗೀಲಿಲ್ಲ.