ರೇಷನ್ ಸಕ್ಕರೆಯ ಹುಟ್ಟುಹಬ್ಬ

ಇವತ್ತು ಚಾಮರಾಜಪೇಟೆಯಲ್ಲಿ ನನ್ನ ಮಾನ ಹೋಗುವುದೊಂದು ಬಾಕಿ ಇತ್ತು, ಸ್ನೇಹಿತರೇ. ಮಗಳು ನಾಗುವಿಗೆ ಏಳು ತುಂಬಿತು. ಅವಳಿಗೆ ಕೊಬ್ಬರಿ ಮಿಠಾಯಿಯೇ ಆಗಬೇಕು. ಯುದ್ಧದ ಕಾಲ, ರೇಷನ್ ಸಕ್ಕರೆ ಡಬ್ಬಿಯ ತಳ ಕಂಡಿತ್ತು.

"ಐದು ಮಕ್ಕಳನ್ನ ಕರಿ, ಸಾಕು. ಜಾಸ್ತಿ ಸಕ್ಕರೆ ಎಲ್ಲಿಂದ ತರ್ಲಿ?" ಎಂದರು ಬೆಳಿಗ್ಗೆ ನಮ್ಮ ಯಜಮಾನರು.

"ಬೀದೀಲಿ ಹದಿನೈದು ಮಕ್ಕಳಿದಾರೆ. ಮಿಕ್ಕ ಹತ್ತು ಮಕ್ಕಳ ತಾಯಂದಿರಿಗೆ ನಾಳೆ ನಲ್ಲಿ ಹತ್ರ ನೀವು ಉತ್ತರ ಹೇಳ್ತೀರಾ?" ಎಂದೆ. ಅವರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಕೇಳಿಸಿಕೊಳ್ಳುತ್ತಿದ್ದ ನಾಗು ಹೊರಗೆ ಓಡಿದಳು.

ಸಂಜೆ ಹದಿನೈದೂ ಮಕ್ಕಳು ಬಾಗಿಲಿಗೆ ಬಂದರು. ಒಬ್ಬೊಬ್ಬರ ಕೈಯಲ್ಲೂ ಪುಟ್ಟ ಬಟ್ಟಲು, ಅದರಲ್ಲಿ ಒಂದು ಹಿಡಿ ಸಕ್ಕರೆ.

"ನಾನೇ ತರೋಕೆ ಹೇಳ್ದೆ ಅಮ್ಮ. ಎಲ್ರೂ ಸೇರಿ ಮಾಡ್ಕೊಂಡು ತಿನ್ನೋಣ ಅಂತ," ಎಂದಳು ನಾಗು.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಒಲೆ ಹಚ್ಚಿದೆ. ಮಕ್ಕಳೆಲ್ಲ ಸುತ್ತ ಕೂತು ಕೊಬ್ಬರಿ ತುರಿದುಕೊಟ್ಟರು. ಹೊಟ್ಟೆ ತುಂಬ ತಿಂದರು. ಮಕ್ಕಳು ತಂದದ್ದರಲ್ಲಿ ಮಿಕ್ಕಿದ್ದನ್ನು ಸುರಿದರೆ ಡಬ್ಬಿ ಅರ್ಧ ತುಂಬಿತು.

ಯಜಮಾನರು ಮುಚ್ಚಳ ತೆಗೆದು ನೋಡಿದರು. ಆಮೇಲೆ ಮೆಲ್ಲಗೆ ನಮ್ಮತ್ತೆಯ ಬಳಿ ಹೋಗಿ ಕೇಳಿದರು: "ಅಮ್ಮ, ನಾನು ಹುಟ್ಟಿದ್ದು ಯಾವ ತಿಂಗಳು?"